ವಿಷಯ: ಜಡೆ ಕತ್ತರಿಸುವ ಬಗ್ಗೆ

27 ಜನವರಿ 2025, ಸೋಮವಾರ

ಯಾವ ಬರವಣಿಗೆಯೇ ಆಗಲಿ, ಮೊದಲು ಪಕ್ಷಗಾರರು ಯಾರೆಂದು ತಿಳಿಸಿ ಆಮೇಲೆ ತಕರಾರಿಗೆ ಇಳಿಯಬೇಕೆಂದು ನಮ್ಮವರು ಹೇಳುತ್ತಿದ್ದರು. ನಮ್ಮವರು, ಅಂದರೆ ದಿವಂಗತ ಲಕ್ಷ್ಮೀಶಯ್ಯನವರು, ಕೊಪ್ಪದ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದವರು. ಅವರು ಗೀಚಿ ತಂದದ್ದನ್ನು ಅಂಚು ಬಿಟ್ಟು, ಸಾಲು ನೇರ ಹಿಡಿದು, ಶುದ್ಧಪ್ರತಿ ಮಾಡುತ್ತಿದ್ದವಳು ನಾನು. ಸಹಿ ಅರ್ಜಿದಾರರದ್ದು, ಹೆಸರು ನಮ್ಮವರದ್ದು, ಅಕ್ಷರ ಈ ಶಂಕರಮ್ಮನದ್ದು. ತಹಶೀಲ್ದಾರರೊಬ್ಬರು ನನ್ನ ಅಕ್ಷರ ನೋಡಿ "ಅಚ್ಚು ಹಾಕಿಸಿದ್ದೋ?" ಎಂದು ಕೇಳಿದ್ದುಂಟು. ಇದನ್ನು ಹೆಮ್ಮೆಗಾಗಿ ಬರೆಯುತ್ತಿಲ್ಲ, ದಾಖಲೆಗಾಗಿ ಬರೆಯುತ್ತಿದ್ದೇನೆ.

ಪಕ್ಷಗಾರರು ಈ ಕೆಳಗಿನಂತಿರುತ್ತಾರೆ. ಮಗ ಸತೀಶ, ತಂದೆಯ ಮೇಜು ಇದ್ದ ಜಾಗದ ಎದುರಿಗೇ ಜೆರಾಕ್ಸ್ ಅಂಗಡಿ ಇಟ್ಟವನು, ಯಾವ ವಿಷಯದಲ್ಲೂ ಅಭಿಪ್ರಾಯವಿಲ್ಲದವನು. ಸೊಸೆ ಅರ್ಪಿತಾ, ನರಸಿಂಹರಾಜಪುರದ ಶಾಲೆಯೊಂದರಲ್ಲಿ ಟೀಚರು, ಎಲ್ಲ ವಿಷಯದಲ್ಲೂ ಅಭಿಪ್ರಾಯವಿದ್ದೂ ಬಾಯಿ ಬಿಡದವಳು. ಮೊಮ್ಮಗಳು ಶ್ರೀವಾಣಿ, ನಾಲ್ಕನೇ ತರಗತಿ, ಸೊಂಟ ಮುಟ್ಟುವ ಜಡೆ.

ಇನ್ನು ತಕರಾರು. ಬರುವ ಜೂನ್‌ನಿಂದ ಮಗುವನ್ನು ತನ್ನ ಶಾಲೆಗೇ ಸೇರಿಸಿ, ಬೆಳಿಗ್ಗೆ ತನ್ನ ಜೊತೆ ಬಸ್ಸು ಹತ್ತಿಸಿಕೊಂಡು ಹೋಗಿ ಸಂಜೆ ಕರೆತರುವುದಾಗಿ ಅರ್ಪಿತಾ ತಿಳಿಸಿರುತ್ತಾಳೆ. ಹಾಲಿ ಮಗು ಪಕ್ಕದ ಬೀದಿಯ ಶಾಲೆಗೆ ಹೋಗುತ್ತಿದ್ದು, ಬೆಳಗಿನ ಜಡೆಯಿಂದ ಸಂಜೆಯ ದೀಪದವರೆಗೆ ನನ್ನ ಸುಪರ್ದಿನಲ್ಲಿರುತ್ತದೆ.

"ಇಲ್ಲಿ ಎಂತ ಕಡಿಮೆ ಆಗಿದೆ ಅದಕ್ಕೆ?" ಎಂದು ಕೇಳಿದೆ.

"ಎಂತದೂ ಕಡಿಮೆ ಇಲ್ಲ ಅತ್ತೆ. ಅದು ಏನನ್ನೂ ಕೇಳೋದೇ ಬಿಟ್ಟಿದೆ, ಅಷ್ಟೆ."

ಏನನ್ನೂ ಕೇಳದ ಮಗುವನ್ನು ಪಡೆಯಲು ಜನ ಹರಕೆ ಹೊರುತ್ತಾರೆ. ಈಕೆಗೆ ಅದೇ ದೂರು.

ಈ ಮನೆಯಲ್ಲಿ ಒಂದು ಪದ್ಧತಿ ಉಂಟು. ಮಕ್ಕಳಿಗೆ ಏನಾದರೂ ಬೇಕಿದ್ದಲ್ಲಿ ದೀಪ ಹಚ್ಚಿದ ಮೇಲೆ ನನ್ನ ಕುರ್ಚಿಯ ಮುಂದೆ ನಿಂತು ಮೊದಲು ವಿಷಯ, ಆಮೇಲೆ ಕಾರಣ, ಕೊನೆಗೆ ಪ್ರಾರ್ಥನೆ, ಹೀಗೆ ಬಾಯಿಂದಲೇ ಮನವಿ ಸಲ್ಲಿಸತಕ್ಕದ್ದು. ಸತೀಶ ಹಾಗೇ ಬೆಳೆದ. ಶ್ರೀವಾಣಿಯಿಂದ ಜಡೆ ಕತ್ತರಿಸುವ ಬಗ್ಗೆ ಮನವಿ ಹಲವು ಸಲ ಬಂದು ಅಷ್ಟೂ ಸಲ ವಜಾ ಆಗಿರುತ್ತದೆ. "ವಿಷಯ: ಜಡೆ ಕತ್ತರಿಸುವ..." ಎನ್ನುವಷ್ಟರಲ್ಲೇ "ವಜಾ" ಎಂದಿರುತ್ತೇನೆ. ಕಾಲಹರಣ ನನಗಾಗದು. ಕಾರಣಗಳನ್ನು ಓದದೆ ಷರಾ ಬರೆಯುವ ಅಧಿಕಾರಿಗಳನ್ನು ನಮ್ಮವರು ದಿನಾ ಬೈಯುತ್ತಿದ್ದರು, ನಾನೂ ಜೊತೆಗೂಡಿ ಬೈಯುತ್ತಿದ್ದೆ. ಎಂಥ ಕಾಲ ಅದು.

ಮೇಜಿನ ಕಾಲು ಅಲ್ಲಾಡುತ್ತಿರುವುದರಿಂದ ಅಕ್ಷರ ವಾಲುತ್ತಿದೆ. ಕಾಲಿನ ಕೆಳಗೆ ಕಾಗದ ಮಡಚಿ ಇಡುವಂತೆ ಸತೀಶನಿಗೆ ಆದೇಶಿಸಿದೆ.

29 ಜನವರಿ, ಬುಧವಾರ

ಸೊಸೆ ಬಾಯಿ ಬಿಡದವಳೆಂದು ಮೇಲೆ ದಾಖಲಿಸಿದ್ದು ತಪ್ಪು. ಆಕೆ ಟಿ.ವಿ.ಗೆ ಬಾಯಿ ಬಿಟ್ಟಿದ್ದಾಳೆ. "ಅಮ್ಮ ಅದಲು ಬದಲು" ಎಂಬ ಕಾರ್ಯಕ್ರಮಕ್ಕೆ ನಮ್ಮ ಮನೆ ಆಯ್ಕೆಯಾಗಿದೆ. ಒಂದು ಮನೆಯ ತಾಯಿ ಇನ್ನೊಂದು ಮನೆಗೆ ಹೋಗಿ ಒಂದು ವಾರ ಇದ್ದು ಆ ಮನೆಯ ಮಗುವನ್ನು ತನ್ನ ರೀತಿಯಲ್ಲಿ ಸಾಕುವುದಂತೆ. ಅರ್ಪಿತಾ ಮೈಸೂರಿಗೆ, ಮೈಸೂರಿನ ತಾಯಿ ಕೊಪ್ಪಕ್ಕೆ.

"ಎಂತಕ್ಕೆ ಈ ದೊಂಬರಾಟ?" ಎಂದೆ.

"ನೀವೇ ನೋಡಿ ಹೇಳಿ ಅತ್ತೆ, ಯಾರ ರೀತಿ ಸರಿ ಅಂತ. ಆಮೇಲೆ ಜೂನಿಂದು ಮಾತಾಡುವ."

ಒಪ್ಪಿದೆ. ಮೂರನೆಯವರು ಬಂದು ನೋಡಿದರೆ ನನ್ನ ಕಡೆ ತೀರ್ಪಾಗುವುದರಲ್ಲಿ ಸಂಶಯವಿಲ್ಲ.

ಪಕ್ಕದ ಮನೆಯ ತುಂಗಮ್ಮ ಸಂಜೆ ಬೇಲಿ ದಾಟಿ ಬಂದಳು. "ಎಂತ ಶಂಕರಮ್ಮ, ಟೀವೀಲಿ ಬತ್ತೀಯಂತೆ! ಸೊಸೆ ಕೊಟ್ಟು ಸೊಸೆ ತಗೊಳ್ಳುದಂತೆ! ನಮ್ಮನೇದನ್ನೂ ಒಂದು ಕೊಡ್ತೆ, ಹೊಸ ಟೀವಿ ಕೊಟ್ರೂ ಸಾಕು ಮಾರಾಯ್ತಿ." ಈಕೆಯ ಸೊಸೆ ಹಿತ್ತಲಲ್ಲೇ ಬಟ್ಟೆ ಒಣಗಿಸುತ್ತಿದ್ದಳು.

2 ಫೆಬ್ರವರಿ, ಭಾನುವಾರ

ಟಿ.ವಿ.ಯವರು ಬಂದರು. ಮುಖ್ಯಸ್ಥ ವಿಘ್ನೇಶನೆಂಬ ಹುಡುಗ, ಗಡ್ಡ ಇದೆ, ನಿದ್ರೆ ಇಲ್ಲ. ಮನೆ ನೋಡಿ ಅವನ ಮುಖ ಸಣ್ಣದಾಯಿತು. ಮಲೆನಾಡಿನ ಮನೆಯೆಂದರೆ ಹೆಂಚು, ಕಂಬ, ಅಂಗಳ, ಅಡಿಕೆ ಇರುತ್ತವೆಂದು ಕಾರಿನಲ್ಲಿ ಕನಸು ಕಂಡು ಬಂದಿದ್ದಾನೆ. ನಮ್ಮದು ಬಸ್‌ಸ್ಟ್ಯಾಂಡಿನ ಹಿಂದಿನ ತಾರಸಿ ಮನೆ, ಕಿಟಕಿ ತೆಗೆದರೆ ಟೈರ್ ಪಂಕ್ಚರ್ ಅಂಗಡಿ.

"ಅಜ್ಜಿ, ನಿಮ್ಮ ತೋಟ ಎಲ್ಲಿ?"

"ಇಲ್ಲ."

"ಸಂಬಂಧಿಕರದ್ದಾದರೂ?"

"ಭಂಡಿಗಡಿಯಲ್ಲಿ ನನ್ನ ತಂಗಿಯ ಮೈದುನನಿಗೆ ಉಂಟು. ಅವನಿಗೂ ನಮಗೂ ಮಾತಿಲ್ಲ."

ಅವನು ಅದನ್ನು ಬರೆದುಕೊಂಡು, ಒಂದು ಅಡಿಕೆ ಗೊನೆ ತರಿಸಿ ನಮ್ಮ ಕಿಟಕಿಯ ಸರಳಿಗೆ ಕಟ್ಟಿಸಿದ. ಬೀದಿಯವರೆಲ್ಲ ಮದುವೆಯೋ ಎಂದು ವಿಚಾರಿಸಿದರು.

3 ಫೆಬ್ರವರಿ, ಸೋಮವಾರ

ಅರ್ಪಿತಾ ನಸುಕಿಗೇ ಮೈಸೂರಿಗೆ ಹೊರಟಳು. ಹೋಗುವಾಗ ಮಗುವನ್ನು ತಬ್ಬಿಕೊಂಡಳು, ನನ್ನ ಕಾಲಿಗೆರಗಿದಳು, ಕ್ಯಾಮೆರಾದವನು ಸರಿ ಬರಲಿಲ್ಲವೆಂದಿದ್ದಕ್ಕೆ ಮತ್ತೊಮ್ಮೆ ಎರಗಿದಳು. ಎರಡನೆಯ ಆಶೀರ್ವಾದವನ್ನು ನಾನು ಸಂಕ್ಷಿಪ್ತಗೊಳಿಸಿದೆ.

ಮಧ್ಯಾಹ್ನ ಎದುರು ಪಕ್ಷದವರು ಆಗಮಿಸಿದರು. ಹೆಸರು ಕಾವ್ಯ. ಆಕೆಯ ಮಗ ಮೋಹಿತ್ ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆಯುತ್ತಾನಂತೆ, ಹಸಿವಾದಾಗ ಉಣ್ಣುತ್ತಾನಂತೆ, ನಿದ್ರೆ ಬಂದಾಗ ಮಲಗುತ್ತಾನಂತೆ. ನಮ್ಮ ಬೀದಿಯಲ್ಲಿ ಅಂಥ ನಾಯಿಗಳು ಬೇಕಾದಷ್ಟಿವೆ.

"ನಾವು ಮನೇಲಿ 'ಬೇಡ' ಅನ್ನೋ ಪದಾನೇ ಬಳಸಲ್ಲಮ್ಮ," ಎಂದಳು.

"ಉಪ್ಪಿಟ್ಟಿಗೆ ಇನ್ನೊಂದು ಸ್ವಲ್ಪ ತುಪ್ಪ ಬೇಕಾ?"

"ಅಯ್ಯೋ, ಬೇಡಮ್ಮ."

ಕ್ಯಾಮೆರಾದವನು ನಕ್ಕುಬಿಟ್ಟ. ವಿಘ್ನೇಶ ಅವನನ್ನು ಹೊರಗೆ ಕರೆದೊಯ್ದು ಬೈದ.

ಮಗುವಿನೊಂದಿಗೆ ಮಾತಾಡುವಾಗಲೆಲ್ಲ ಆಕೆ ನೆಲಕ್ಕೆ ಮಂಡಿಯೂರಿ ಕಣ್ಣಿಗೆ ಕಣ್ಣು ಸಮ ಮಾಡಿಕೊಳ್ಳುತ್ತಾಳೆ. ಏಳುವುದು, ಕೂರುವುದು, ಏಳುವುದು. ಆಕೆಯ ಮಂಡಿ ಗಟ್ಟಿಯಿದೆ ಎಂಬುದನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

4 ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ನಾನು ಜಡೆ ಹಾಕುತ್ತಿರುವಾಗ ಕಾವ್ಯ ಎದುರು ಮಂಡಿಯೂರಿ, "ಪುಟ್ಟಾ, ಇವತ್ತು ತಿಂಡಿಗೆ ಏನು ಬೇಕು? ನೀನೇ ಡಿಸೈಡ್ ಮಾಡು" ಎಂದಳು.

ಶ್ರೀವಾಣಿ ಬಹಳ ಹೊತ್ತು ಯೋಚಿಸಿ, "ಅರ್ಜಿ ತಗೊಳ್ಳೋದು ದೀಪ ಹಚ್ಚಿದ ಮೇಲೆ ಆಂಟಿ" ಎಂದಿತು.

"ಅಲ್ಲಿ ತನಕ ಹಸ್ಕೊಂಡಿರ್ತೀಯಾ?"

"ಇಲ್ಲ, ಅಜ್ಜಿ ಮಾಡಿದ್ದು ತಿಂತೆ. ಅದಕ್ಕೆ ಅರ್ಜಿ ಬೇಡ."

ನನಗೆ ಆದ ಸಂತೋಷವನ್ನು ಮುಖದಲ್ಲಿ ತೋರಿಸಲಿಲ್ಲ. ಕಾವ್ಯ ಮಾತ್ರ ಸೋತವರ ಹಾಗೆ ಕಾಣಲಿಲ್ಲ. ಮಗುವನ್ನೇ ನೋಡುತ್ತಾ ಇದ್ದಳು, ಜಡೆ ಹಾಕುವ ನನ್ನ ಕೈಯನ್ನೂ. ನೋಡಿ ಕಲಿಯಲಿ.

ಕಾಗದ ಮಡಚಿಟ್ಟರೂ ಮೇಜು ಅಲ್ಲಾಡುತ್ತಲೇ ಇದೆ.

5 ಫೆಬ್ರವರಿ, ಬುಧವಾರ

ವಿಘ್ನೇಶನ ದೂರು: ಜಗಳ ಬರುತ್ತಿಲ್ಲ.

"ಅಜ್ಜಿ, ಸುಮ್ನೆ ಒಂದು ಸಲ 'ನನ್ನ ಮನೇಲಿ ನಿನ್ನ ಆಟ ನಡೆಯಲ್ಲ' ಅಂದ್ಬಿಡಿ."

"ಆ ವಾಕ್ಯದಲ್ಲಿ ಗತ್ತಿಲ್ಲ, ಮಾರಾಯ. 'ಸದರಿ ಮನೆಯ ಆಡಳಿತದಲ್ಲಿ ಅನ್ಯರ ಹಸ್ತಕ್ಷೇಪಕ್ಕೆ ಅವಕಾಶವಿರುವುದಿಲ್ಲ' ಅಂತ ಹೇಳ್ತೇನೆ."

ಹೇಳಿದೆ. ಅದಕ್ಕೆ ಕಾವ್ಯ, "ಅಮ್ಮ, ನಿಮ್ಮ ಫೀಲಿಂಗ್ಸ್ ನಂಗೆ ಪೂರ್ತಿ ಅರ್ಥ ಆಗ್ತಿದೆ" ಎಂದಳು. ನನಗೆ ಆಗ ಇದ್ದದ್ದು ಹೊಟ್ಟೆಯುಬ್ಬರ. ವಿಘ್ನೇಶ ತಲೆ ಹಿಡಿದುಕೊಂಡ.

ನಾಳೆ ನನ್ನನ್ನು ಭಂಡಿಗಡಿಯ ತೋಟಕ್ಕೆ ಕರೆದೊಯ್ಯುವರಂತೆ. ಮಾತು ಬಿಟ್ಟವನ ತೋಟದಲ್ಲಿ ನಾನು ಯೋಚಿಸುತ್ತಾ ನಡೆಯಬೇಕು. ಏನನ್ನು ಯೋಚಿಸಬೇಕೆಂದು ಕೇಳಿದ್ದಕ್ಕೆ "ಮಲೆನಾಡನ್ನ" ಎಂದ.

6 ಫೆಬ್ರವರಿ, ಗುರುವಾರ

ನಡೆದೆ. ಯೋಚಿಸಿದೆ. ಸಂಜೆ ಮನೆಗೆ ಬಂದಾಗ ಗೇಟಿನ ಹತ್ತಿರ ಯಾವುದೋ ಗಂಡು ಮಗು ನಿಂತಿತ್ತು. ಹತ್ತಿರ ಹೋದರೆ ಶ್ರೀವಾಣಿ.

ಕಿವಿಯವರೆಗೆ ಕೂದಲು. ಕುತ್ತಿಗೆ ಬರಿದು. ಬಸ್‌ಸ್ಟ್ಯಾಂಡಿನ ಬಳಿಯ ಬ್ಯೂಟಿ ಪಾರ್ಲರಿನಲ್ಲಿ ಕಾವ್ಯ ಕತ್ತರಿ ಹಾಕಿಸಿದ್ದಾಳೆ, ನನ್ನನ್ನು ತೋಟಕ್ಕೆ ಸಾಗಿಸಿ.

ಕ್ಯಾಮೆರಾ ನನ್ನ ಮುಖಕ್ಕೆ ಬಂತು. "ಅಜ್ಜಿ, ಬೈಯಿರಿ, ಈಗ ಬೈಯಿರಿ," ಎಂದು ವಿಘ್ನೇಶ ಪಿಸುಗುಟ್ಟಿದ.

"ಒಳಗೆ ಬಾ ಕೂಸೆ, ಸೊಳ್ಳೆ ಕಚ್ತದೆ," ಎಂದೆ.

ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಾವ್ಯನನ್ನು ಕೇಳಿದೆ.

"ಯಾರನ್ನ ಕೇಳಿ ಕತ್ತರಿಸಿದ್ದು?"

"ಮಗುವನ್ನ ಕೇಳಿ ಅಮ್ಮ. ಅದರ ಜಡೆ ತಾನೇ?"

"ಜಡೆ ಮಗುವಿಂದು ಅಂತಲೇ ಇಟ್ಕೊಳ್ಳುವ. ಎಣ್ಣೆ ಹಚ್ಚಿ ಬೆಳೆಸಿದ ಕೈ ಯಾರಿದ್ದು?"

ಆಕೆ ಮೊದಲ ಸಲ ಮಂಡಿಯೂರದೆ, ನಿಂತೇ, ನನ್ನ ಕಣ್ಣನ್ನೇ ನೋಡಿದಳು. "ಅದು ಯಾಕೆ ಕೇಳ್ತು ಅಂತ ನೀವು ಒಂದು ಸಲನಾದ್ರೂ..." ಎಂದವಳು ಅರ್ಧಕ್ಕೆ ನಿಲ್ಲಿಸಿ, "ಬಿಡಿ. ನನಗೆ ಬೈಯಿರಿ, ಮಗುಗೆ ಬೇಡ" ಎಂದಳು.

ಅಂತೂ 'ಬೇಡ' ಎಂದಳು. ಗೆದ್ದೆನೆಂದು ಅನಿಸಲಿಲ್ಲ.

ಕತ್ತರಿಸಿದ ಜಡೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ವಶಪಡಿಸಿಕೊಂಡಿರುತ್ತೇನೆ.

7 ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ಎಣ್ಣೆ ಬಟ್ಟಲು, ಬಾಚಣಿಗೆ, ರಿಬ್ಬನ್ನು ಹೊರಗಿಟ್ಟು ಮಣೆ ಹಾಕಿದೆ. ಆಮೇಲೆ ತೆಗೆದಿಟ್ಟೆ.

8 ಫೆಬ್ರವರಿ, ಶನಿವಾರ

ವಿಶೇಷವಿಲ್ಲ. ಮಗು ತಾನೇ ತಲೆ ಬಾಚಿಕೊಂಡು ಶಾಲೆಗೆ ಹೋಯಿತು. ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿತು. ನಾನು ಅಕ್ಕಿ ಆರಿಸುತ್ತಿದ್ದೆ.

ತುಂಗಮ್ಮ ಬಂದು, "ಕೂಸು ಚೆಂದ ಕಾಣ್ತದೆ ಮಾರಾಯ್ತಿ, ಮುಖ ಬಿಡಿಸಿಕೊಂಡಿದೆ" ಎಂದಳು. ಕಾಫಿ ಕೊಡಲಿಲ್ಲ.

ಮೇಜಿನ ಕಾಲು ನಾಲ್ಕೂ ಸರಿಯಾಗಿವೆ ಎಂದು ಸತೀಶ ಹೇಳುತ್ತಾನೆ. ಅವನಿಗೇನು ಗೊತ್ತು, ಜೆರಾಕ್ಸ್ ಮಾಡುವವನಿಗೆ.

10 ಫೆಬ್ರವರಿ, ಸೋಮವಾರ

ಈ ದಿನದ ವಿವರ ಸ್ವಲ್ಪ ದೀರ್ಘವಾಗಿದ್ದು, ಕ್ರಮವಾಗಿ ಬರೆಯುತ್ತೇನೆ.

ಮುಖಾಮುಖಿಯೆಂಬ ಕೊನೆಯ ಕಾರ್ಯಕ್ರಮ ನಮ್ಮ ಹಜಾರದಲ್ಲೇ ಆಯಿತು. ಅರ್ಪಿತಾ ಮೈಸೂರಿನಿಂದ ಬಂದಳು. ಮಗಳ ತಲೆ ನೋಡಿ ಬಾಯಿಗೆ ಕೈ ಹಿಡಿದು, ಮೊದಲು ನನ್ನ ಮುಖ ನೋಡಿದಳು, ಆಮೇಲೆ ಮಗಳನ್ನು ತಬ್ಬಿಕೊಂಡಳು. ಎದುರಿಗೆ ದೊಡ್ಡ ಟಿ.ವಿ. ಇಟ್ಟು, ಎರಡೂ ಮನೆಗಳಲ್ಲಿ ನಡೆದದ್ದನ್ನು ತೋರಿಸಿದರು.

ಮೊದಲು ಮೈಸೂರು. ಎರಡು ದಿನ ಅರ್ಪಿತಾ ಆ ಮೋಹಿತನ ಹಿಂದೆ ತಟ್ಟೆ ಹಿಡಿದು ತಿರುಗಿದಳು. ಮೂರನೆಯ ದಿನ ಕುರ್ಚಿ ಎಳೆದು ಕೂತು, "ಇಲ್ಲಿ ನಿಲ್ಲು ಮಾಣಿ. ಮೊದಲು ವಿಷಯ, ಆಮೇಲೆ ಕಾರಣ" ಎಂದಳು! ನಮ್ಮ ಅರ್ಪಿತಾ! ಸತೀಶ ಕೆಮ್ಮಿದ. ಆ ಹುಡುಗ ನಿಂತು, ರಾತ್ರಿಯಿಡೀ ಮೊಬೈಲ್ ಆಡಬೇಕೆಂದು ಮನವಿ ಸಲ್ಲಿಸಿದ. ಅರ್ಪಿತಾ ಪೂರ್ತಿ ಕೇಳಿದಳು, ನಡುವೆ ಎರಡು ಪ್ರಶ್ನೆ ಹಾಕಿದಳು, ಆಮೇಲೆ "ಆಗುವುದಿಲ್ಲ" ಎಂದಳು. ಹುಡುಗ ಅಳಲಿಲ್ಲ. ಮರುದಿನ ಬೇರೆ ಮನವಿ ಹಿಡಿದುಕೊಂಡು ಅವನಾಗಿಯೇ ಬಂದು ನಿಂತಿದ್ದ. ಕಾವ್ಯ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. "ಅವನಿಗೆ ಬೇಡ ಅಂದ್ರೆ ನನ್ನನ್ನ ದ್ವೇಷ ಮಾಡ್ತಾನೆ ಅಂದ್ಕೊಂಡಿದ್ದೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ನಾನು ಕುರ್ಚಿಯಲ್ಲಿ ನೇರ ಕೂತೆ. ತೀರ್ಪು ನನ್ನ ಕಡೆಗಾಗಿತ್ತು.

ಆಮೇಲೆ ಕೊಪ್ಪ. ಗುರುವಾರ, ನಾನು ಭಂಡಿಗಡಿಯಲ್ಲಿದ್ದ ಹೊತ್ತು. ಇದೇ ಹಜಾರ, ನನ್ನ ಖಾಲಿ ಕುರ್ಚಿ, ಅದರ ಮುಂದೆ ಉದ್ದ ಜಡೆಯ ಶ್ರೀವಾಣಿ ಕೈ ಕಟ್ಟಿ ನಿಂತಿದೆ. ಪಕ್ಕದಲ್ಲಿ ಕಾವ್ಯ ಮಂಡಿಯೂರಿದ್ದಾಳೆ. "ಅಜ್ಜಿ ಕೂತಿದಾರೆ ಅಂದ್ಕೊಂಡು ಪೂರ್ತಿ ಹೇಳು ಪುಟ್ಟಾ" ಎನ್ನುತ್ತಾಳೆ.

"ವಿಷಯ: ಜಡೆ ಕತ್ತರಿಸುವ ಬಗ್ಗೆ. ಕಾರಣ ಒಂದು: ಹೇನು. ಕಾರಣ ಎರಡು: ಹಿಂದಿನ ಬೆಂಚಿನವಳು ಜಡೆ ತುದಿಯನ್ನ ಬೆಂಚಿಗೆ ಕಟ್ತಾಳೆ. ಕಾರಣ ಮೂರು..."

ಮಗು ಬಾಗಿಲ ಕಡೆ ನೋಡಿತು.

"ಅಜ್ಜಿ ಕೈ ನಡುಗ್ತದೆ. ಬೈತಲೆ ಸೊಟ್ಟ ಬರ್ತದೆ. ಶಾಲೇಲಿ 'ಹಾವು ಹೋಯ್ತು ಹಾವು ಹೋಯ್ತು' ಅಂತ ನಗ್ತಾರೆ. ನಾನು ಶಾಲೆ ಬಚ್ಚಲಲ್ಲಿ ಬಿಚ್ಚಿ ಮತ್ತೆ ಹಾಕ್ಕೊಳ್ತೆ. ಸಂಜೆ ಬರುವಾಗ ಪುನಃ ಸೊಟ್ಟ ಮಾಡ್ಕೊಂಡು ಬರ್ತೆ. ಪ್ರಾರ್ಥನೆ: ಜಡೆ ಕತ್ತರಿಸಿ ಕೊಡಬೇಕು, ಮೂರನೇ ಕಾರಣ ಅಜ್ಜಿಗೆ ಹೇಳಬಾರದು."

"ಇದನ್ನ ಹಾಕಲ್ಲ ಅಂತ ಮಾತು ಕೊಟ್ಟಿದ್ರಿ ವಿಘ್ನೇಶ್!" ಎಂದು ಕಾವ್ಯ ಎದ್ದುನಿಂತಳು. ಸದಾ ಮಂಡಿಯೂರುವ ಹೆಂಗಸಿಗೆ ಅಷ್ಟು ದೊಡ್ಡ ದನಿ ಇದೆಯೆಂದು ಗೊತ್ತಿರಲಿಲ್ಲ.

ಯಾರೂ ನನ್ನನ್ನು ನೋಡಲಿಲ್ಲ, ಕ್ಯಾಮೆರಾಗಳು ಮಾತ್ರ ನೋಡಿದವು. ಶ್ರೀವಾಣಿ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿತು. ಮೊದಲಾದರೆ ಜಡೆ ಮುಂದಕ್ಕೆಳೆದು ಅದರ ಹಿಂದೆ ಅಡಗುತ್ತಿತ್ತು.

"ಆ ಕೊನೆಯ ಭಾಗ ಇನ್ನೊಮ್ಮೆ ಹಾಕು ಮಾರಾಯ," ಎಂದೆ.

ಕಣ್ಣೀರು ಬರುತ್ತದೆಂದು ವಿಘ್ನೇಶ ಓಡಿಹೋಗಿ ಹಾಕಿದ. ನಾನು ಎರಡನೆಯ ಸಲ ಕೇಳಿದ್ದು ಬೇರೆ ಉದ್ದೇಶಕ್ಕೆ. ವಿಷಯ ಸ್ಪಷ್ಟವಿತ್ತು. ಕಾರಣಗಳು ಕ್ರಮದಲ್ಲಿದ್ದವು, ಹಗುರವಾದದ್ದು ಮೊದಲು, ಭಾರವಾದದ್ದು ಕೊನೆಗೆ. ಪ್ರಾರ್ಥನೆ ಚುಟುಕು. ನಮ್ಮವರಿಗೂ ಇಷ್ಟು ಅಚ್ಚುಕಟ್ಟಾದ ಕರಡು ಬರೆಯಲು ಬರುತ್ತಿರಲಿಲ್ಲ.

"ಇಲ್ಲಿ ಬಾ ಕೂಸೆ."

ಬಂತು.

"ಅರ್ಜಿ ಕ್ರಮಬದ್ಧವಾಗಿದೆ. ಹಿಂದಿನ ವಜಾ ಆದೇಶ ರದ್ದು."

"ಅಜ್ಜಿ, ಬೇಜಾರಾಯ್ತಾ?"

"ಹಾವು ಅಂದವಳು ಯಾರು, ಹೆಸರು ಹೇಳು."

ಮಗು ಅಳುತ್ತಲೇ ನಕ್ಕಿತು. ವಿಘ್ನೇಶ, "ಅಜ್ಜಿ, ನಿಮಗೆ ಈಗ ಹೇಗನ್ನಿಸ್ತಿದೆ?" ಎಂದು ಮೈಕು ಮುಂದಿಟ್ಟ. ಆ ಅಡಿಕೆ ಗೊನೆಯನ್ನು ನನ್ನ ಕಿಟಕಿಯಿಂದ ಬಿಚ್ಚಿಕೊಂಡು ಹೋಗತಕ್ಕದ್ದೆಂದು ತಿಳಿಸಿದೆ.

ಎಲ್ಲರೂ ಹೊರಟ ಮೇಲೆ ಅರ್ಪಿತಾ ಕಾಫಿ ತಂದಿಟ್ಟಳು.

"ಜೂನಿಂದೂ ಮಂಜೂರು," ಎಂದೆ.

"ಕಾರಣ ಹೇಳೋದು ಬೇಡವಾ ಅತ್ತೆ?"

"ಹೇಳು ಹಾಗಾದ್ರೆ."

ಹೇಳತೊಡಗಿದಳು. ಮದುವೆಯಾದ ವರ್ಷದಿಂದ ಹಿಡಿದು ಹೇಳಿದಳು. ಕಾಫಿ ಆರಿತು, ಬಿಸಿ ಮಾಡಿ ತಂದಳು, ಮತ್ತೆ ಆರಿತು.

11 ಫೆಬ್ರವರಿ, ಮಂಗಳವಾರ

ಮೇಜಿನ ಕಾಲಿನ ಕೆಳಗಿನ ಕಾಗದವನ್ನು ತೆಗೆಸಿದೆ.

ಕಾವ್ಯ ಊರು ತಲುಪಿ ಫೋನು ಮಾಡಿದ್ದಳು. ಮೋಹಿತ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಮುಂದೆ ನಿಂತಿದ್ದಾನಂತೆ. "ಏನು ಮಾಡ್ಲಿ ಅಮ್ಮ?"

"ಮೊದಲು ನೆಲಕ್ಕೆ ಮಂಡಿಯೂರಬೇಡ, ಕುರ್ಚಿಯಲ್ಲೇ ಕೂತಿರು. ಆಮೇಲೆ ಪೂರ್ತಿ ಕೇಳು," ಎಂದೆ. ಆಕೆಗೆ ಅರ್ಥವಾಯಿತು.

2 ಜೂನ್, ಸೋಮವಾರ

ಮಗು ಅಮ್ಮನ ಜೊತೆ ನರಸಿಂಹರಾಜಪುರದ ಬಸ್ಸಿಗೆ ಹೊರಡಲು ಸಿದ್ಧವಾಗಿ, ಇನ್ನೂ ಹೊತ್ತಿದೆಯೆಂದು ನನ್ನನ್ನು ಮಣೆಯ ಮೇಲೆ ಕೂರಿಸಿ ಬಾಚಣಿಗೆ ಹಿಡಿದುಕೊಂಡಿತು. ಬೇಸಿಗೆಯಿಂದ ಇದೊಂದು ಹೊಸ ಅಭ್ಯಾಸ. ನನ್ನ ತಲೆಯಲ್ಲಿ ಉಳಿದಿರುವುದು ಒಂದು ಹಿಡಿ ಕೂದಲು, ಅದರ ಮೇಲೆ ಇದರ ಆಡಳಿತ.

"ಮೆಲ್ಲಗೆ ಬಾಚು ಮಾರಾಯ್ತಿ!"

"ಕಾರಣ?"

"ನೋವಾಗ್ತದೆ."

"ಪ್ರಾರ್ಥನೆ?"

"ಜೀವ ಉಳಿಸು."

"ಪರಿಶೀಲಿಸಲಾಗುವುದು," ಎಂದು ಹೇಳಿ ಇನ್ನೂ ಜೋರಾಗಿ ಎಳೆಯಿತು. ಬೈತಲೆ ನೇರ ಬಂತೋ ಎಂದು ಕೇಳಿದೆ. ಬಂದಿಲ್ಲ, ಆದರೆ ನಡೆಯುತ್ತದೆ ಎಂದಿತು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿ, "ಉಳಿದದ್ದು ಸಂಜೆ ಅಜ್ಜಿ!" ಎಂದು ಬಾಚಣಿಗೆಯನ್ನು ನನ್ನ ಕೂದಲಿನಲ್ಲೇ ಬಿಟ್ಟು ಓಡಿತು.

ಮಧ್ಯಾಹ್ನ ತುಂಗಮ್ಮ ಬಂದು, "ಇದೆಂತ ಅವತಾರ! ಒಂದು ಕಡೆ ಬಾಚಿದೆ, ಒಂದು ಕಡೆ ಕೆದರಿದೆ. ಬಾ, ನಾ ಬಾಚ್ತೆ" ಎಂದು ಕೈ ಚಾಚಿದಳು.

ಕೈ ಹಿಂದಕ್ಕೆ ತೆಗೆಯುವಂತೆ ಸೂಚಿಸಿದೆ. ಪ್ರಕರಣ ಸಂಜೆಗೆ ಮುಂದೂಡಲ್ಪಟ್ಟಿದ್ದು, ಅಲ್ಲಿಯವರೆಗೆ ಯಥಾಸ್ಥಿತಿ ಕಾಪಾಡಲಾಗುವುದು.